ಅಮ್ಮಿಯ ಮಾತ್ರೆ ಡಬ್ಬಿ ಮತ್ತು ಡಾ. ಸುಬ್ಬರಾವ್

ನಮ್ಮ ಅಮ್ಮಿಗೆ ಆರು ವರ್ಷಗಳಿಂದ ಸಂಧಿವಾತ. ಬೆಳಿಗ್ಗೆ ಎದ್ದ ಕೂಡಲೇ ಅವರ ಕೈಬೆರಳುಗಳು ಮಡಚುವುದಿಲ್ಲ. ಬಿಸಿನೀರಿನಲ್ಲಿ ಅರ್ಧ ಗಂಟೆ ಕೈ ಇಟ್ಟ ಮೇಲೆಯೇ ಹಿಟ್ಟು ನಾದಲು ಆಗುವುದು. ಡಾಕ್ಟರು ಬರೆದುಕೊಟ್ಟ ಮಾತ್ರೆಗಳಲ್ಲಿ ಮುಖ್ಯವಾದವು ಎರಡು. ಒಂದರ ಹೆಸರು ಮೆಥೋಟ್ರೆಕ್ಸೇಟ್, ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಇನ್ನೊಂದು ಫೋಲಿಕ್ ಆಮ್ಲ, ಅದು ಉಳಿದ ದಿನಗಳಿಗೆ. ಎರಡೂ ಚಿಕ್ಕವು, ಎರಡೂ ಹಳದಿ.

ಏಳು ಮನೆಗಳಿರುವ ಪ್ಲಾಸ್ಟಿಕ್ ಡಬ್ಬಿಗೆ ವಾರದ ಮಾತ್ರೆ ತುಂಬುವುದು ನನ್ನ ಕೆಲಸ. ಕಳೆದ ಅರ್ಧವಾರ್ಷಿಕ ಪರೀಕ್ಷೆಯ ಸಮಯದಲ್ಲಿ ನಾನು ಲೆಕ್ಕಶಾಸ್ತ್ರದ ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು ಡಬ್ಬಿ ತುಂಬಿದೆ. ವಾರಕ್ಕೊಮ್ಮೆಯ ಮಾತ್ರೆಯನ್ನು ದಿನವೂ ನುಂಗುವಂತೆ, ದಿನದ ಮಾತ್ರೆಯನ್ನು ಒಂದೇ ಮನೆಯಲ್ಲಿ ಇಟ್ಟಿದ್ದೆ. ಅಬ್ಬಾ ಇಶಾ ನಮಾಜ್ ಮುಗಿಸಿ ಬಂದವರು ಸುಮ್ಮನೆ ಡಬ್ಬಿ ತೆರೆದು ನೋಡಿದರು. ಅವರು ನೋಡದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಮರುದಿನ ಔಷಧಿ ಅಂಗಡಿಯಲ್ಲಿ ಕೇಳಿದೆ. ಮೆಥೋಟ್ರೆಕ್ಸೇಟ್ ದಿನವೂ ಹೊಟ್ಟೆಗೆ ಹೋದರೆ ಮೂಳೆಯೊಳಗೆ ರಕ್ತ ತಯಾರಾಗುವುದೇ ನಿಂತುಹೋಗಿ ಪ್ರಾಣಕ್ಕೇ ಅಪಾಯವಾಗಬಹುದು ಎಂದು ಅಲ್ಲಿಯವರು ಹೇಳಿದರು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಎರಡು ಮಾತ್ರೆಗಳಿಗೆ ಪರಸ್ಪರ ಏನು ಸಂಬಂಧ ಎಂದು ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಸರ್ ಅವರನ್ನು ಕೇಳಿದೆ. ನಾನು ಕಾಮರ್ಸ್ ವಿದ್ಯಾರ್ಥಿನಿ, ಆದರೂ ಅವರು ಬೇಸರಿಸಲಿಲ್ಲ. ಎರಡರ ಚಿತ್ರವನ್ನೂ ಹಾಳೆಯ ಮೇಲೆ ಬರೆದು ತೋರಿಸಿದರು. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ, ಅಲ್ಲೊಂದು ಇಲ್ಲೊಂದು ಸಣ್ಣ ಬದಲಾವಣೆ. ಒಂದು ಜೀವಕೋಶವನ್ನು ಬೆಳೆಸುತ್ತದೆ, ಇನ್ನೊಂದು ಅದನ್ನು ತಡೆಯುತ್ತದೆ. ಮತ್ತು ಎರಡೂ ಒಂದೇ ಪ್ರಯೋಗಾಲಯದಲ್ಲಿ, ಒಬ್ಬನೇ ಭಾರತೀಯನ ಮುಂದಾಳತ್ವದಲ್ಲಿ ತಯಾರಾದವು ಎಂದರು. ಆ ಭಾರತೀಯನ ಹೆಸರು ಯಲ್ಲಾಪ್ರಗಡ ಸುಬ್ಬರಾವ್. ಅಂದಿನಿಂದ ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಮ್ಮ ಮನೆಮಾತು ಉರ್ದು, ನನ್ನ ಕನ್ನಡದಲ್ಲಿ ತಪ್ಪಿದ್ದರೆ ಮನ್ನಿಸಿ.

ಎರಡು ಸಲ ಫೇಲಾದ ಹುಡುಗ

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಈಗಿನ ಆಂಧ್ರಪ್ರದೇಶದ ಭೀಮವರಂನಲ್ಲಿ. ಅಂದು ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ತಂದೆ ಕಂದಾಯ ಇಲಾಖೆಯಲ್ಲಿದ್ದರು. ಆರೋಗ್ಯ ಕೆಟ್ಟು ಬೇಗ ನಿವೃತ್ತರಾದರು. ಏಳು ಮಕ್ಕಳ ಸಂಸಾರ, ಕೈಯಲ್ಲಿ ಹಣವಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಹುಡುಗ ಮನೆ ಬಿಟ್ಟು ಕಾಶಿಗೆ ಹೊರಟ. ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಸಂಪಾದಿಸಬಹುದು ಎಂಬುದು ಅವನ ಲೆಕ್ಕ. ಅರ್ಧ ದಾರಿಯಲ್ಲೇ ಹಿಡಿದು ಮನೆಗೆ ಕರೆತಂದರು. ಇದನ್ನು ಓದಿದಾಗ ಇವರು ನಮ್ಮ ಕಾಮರ್ಸ್ ವಿಭಾಗಕ್ಕೆ ಸೇರಬೇಕಾದವರು ಎಂದುಕೊಂಡೆ.

ಮೆಟ್ರಿಕ್ ಪರೀಕ್ಷೆಯಲ್ಲಿ ಅವರು ಎರಡು ಸಲ ನಪಾಸಾದರು. ತಾಯಿ ವೆಂಕಮ್ಮ ತಮ್ಮ ಒಡವೆ ಮಾರಿ ಮಗನನ್ನು ಮದ್ರಾಸಿಗೆ ಕಳಿಸಿದರು. ಅಲ್ಲಿನ ಹಿಂದೂ ಹೈಸ್ಕೂಲಿನಿಂದ ಮೂರನೆಯ ಪ್ರಯತ್ನದಲ್ಲಿ ಪಾಸಾದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದರು. ಅಲ್ಲಿ ಅವರಿಗೆ ಇಷ್ಟವಾದ ವಿಷಯ ಗಣಿತ. ಆ ದಿನಗಳಲ್ಲಿ ಸನ್ಯಾಸಿಯಾಗಿ ರಾಮಕೃಷ್ಣ ಮಿಷನ್ ಸೇರುವ ಮನಸ್ಸೂ ಇತ್ತು. ತಾಯಿ ಒಪ್ಪಲಿಲ್ಲ. ವೈದ್ಯನಾಗಿ ಜನರ ಸೇವೆ ಮಾಡು ಎಂಬ ಸಲಹೆ ಮಿಷನ್ನಿನವರಿಂದಲೇ ಬಂತು. ಹಾಗೆ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಫೀಸು, ಪುಸ್ತಕಕ್ಕೆ ಸ್ನೇಹಿತರ ನೆರವು. 1919ರಲ್ಲಿ ಶೇಷಗಿರಿ ಎಂಬವರೊಂದಿಗೆ ಮದುವೆಯಾಯಿತು. ಮಾವನವರು ಓದಿಗೆ ಹಣ ಕೊಟ್ಟರು.

ಅದು ಗಾಂಧೀಜಿಯ ಕರೆಗೆ ಯುವಕರು ವಿದೇಶಿ ಬಟ್ಟೆ ಬಿಡುತ್ತಿದ್ದ ಕಾಲ. ಸುಬ್ಬರಾವ್ ಶಸ್ತ್ರಚಿಕಿತ್ಸೆಯ ಕೋಣೆಗೂ ಖಾದಿಯ ನಿಲುವಂಗಿ ತೊಟ್ಟು ಹೋದರು. ಶಸ್ತ್ರಚಿಕಿತ್ಸೆಯ ಇಂಗ್ಲಿಷ್ ಪ್ರೊಫೆಸರಿಗೆ ಇದು ಸೇರಲಿಲ್ಲ. ಬರವಣಿಗೆಯ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದರೂ ಅವರಿಗೆ ಸಿಕ್ಕಿದ್ದು ಎಂ.ಬಿ.ಬಿ.ಎಸ್. ಅಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಸರ್ಟಿಫಿಕೇಟು. ಸರ್ಕಾರಿ ವೈದ್ಯಕೀಯ ಸೇವೆಯಲ್ಲೂ ಕೆಲಸ ದೊರೆಯಲಿಲ್ಲ. ಮದ್ರಾಸಿನ ಒಂದು ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸಲು ಸೇರಿದರು.

ಇದರ ನಡುವೆ ಮನೆಯಲ್ಲಿ ದೊಡ್ಡ ಆಘಾತ. ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕಾಯಿಲೆಗೆ ಬಲಿಯಾದರು. ಈ ರೋಗದಲ್ಲಿ ಉಂಡ ಅನ್ನದ ಸಾರವನ್ನು ಕರುಳು ಹೀರಿಕೊಳ್ಳುವುದಿಲ್ಲ. ಭೇದಿ ನಿಲ್ಲುವುದಿಲ್ಲ, ರಕ್ತ ಕಡಿಮೆಯಾಗುತ್ತದೆ, ಮನುಷ್ಯ ಕಣ್ಣೆದುರೇ ಸೊರಗುತ್ತಾನೆ. ಆಗ ಇದಕ್ಕೆ ಸರಿಯಾದ ಔಷಧ ಯಾರ ಬಳಿಯೂ ಇರಲಿಲ್ಲ. ಸ್ವತಃ ಸುಬ್ಬರಾವ್ ಅವರಿಗೂ ಈ ಕಾಯಿಲೆ ಬಂದು, ಆಯುರ್ವೇದ ಚಿಕಿತ್ಸೆಯಿಂದ ಉಳಿದುಕೊಂಡರು. ವೈದ್ಯನಾಗಿಯೂ ಮನೆಯವರನ್ನು ಉಳಿಸಿಕೊಳ್ಳಲಾಗದ ಆ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಮುಂದಿನ ಕಥೆ ಓದಿದರೆ ನಿಮಗೂ ಅನ್ನಿಸಬಹುದು.

ಬಾಸ್ಟನ್ನಿನ ರಾತ್ರಿಪಾಳಿ

ಅಮೆರಿಕದ ಹಾರ್ವರ್ಡ್‌ನಲ್ಲಿ ಉಷ್ಣವಲಯದ ರೋಗಗಳ ಬಗ್ಗೆ ಕಲಿಸುವ ಶಾಲೆ ಇತ್ತು. ಮಾವನ ಹಣ, ಕಾಕಿನಾಡದ ಒಂದು ಧರ್ಮಸಂಸ್ಥೆಯ ನೆರವು ಸೇರಿಸಿ ಸುಬ್ಬರಾವ್ ಹಡಗು ಹತ್ತಿದರು. 1922ರ ಅಕ್ಟೋಬರಿನಲ್ಲಿ ಬಾಸ್ಟನ್ ತಲುಪಿದಾಗ ಅವರ ವಯಸ್ಸು 27. ಪತ್ನಿ ಶೇಷಗಿರಿ ಆಗ ಗರ್ಭಿಣಿ. ಮೂರು ವರ್ಷದಲ್ಲಿ ಮರಳಿ ಬರುವುದಾಗಿ ಹೇಳಿ ಹೋಗಿದ್ದರು.

ಎಲ್.ಎಂ.ಎಸ್. ಸರ್ಟಿಫಿಕೇಟಿಗೆ ಅಲ್ಲಿ ಬೆಲೆಯಿರಲಿಲ್ಲ. ವೈದ್ಯನಾಗಿ ಕೆಲಸ ಮಾಡುವಂತಿರಲಿಲ್ಲ. ಹಾಗಾಗಿ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಪೋರ್ಟರ್ ಆಗಿ ಸೇರಿದರು. ರೋಗಿಗಳ ಮಲಮೂತ್ರದ ಪಾತ್ರೆ ತೆಗೆಯುವುದು, ತೊಳೆಯುವುದು. ರಾತ್ರಿ ಈ ಕೆಲಸ, ಹಗಲು ಓದು. ಉಷ್ಣವಲಯದ ರೋಗಗಳ ಡಿಪ್ಲೊಮಾ ಮುಗಿಸಿ, ಹಾರ್ವರ್ಡ್ ಮೆಡಿಕಲ್ ಸ್ಕೂಲಿನಲ್ಲಿ ಸೈರಸ್ ಫಿಸ್ಕ್ ಎಂಬ ಜೀವರಸಾಯನ ವಿಜ್ಞಾನಿಯ ಕೈಕೆಳಗೆ ಸಂಶೋಧನೆಗೆ ಸೇರಿದರು.

ಔಷಧ ಕಂಡುಹಿಡಿಯಬೇಕೆಂದು ಬಂದವರಿಗೆ ಸಿಕ್ಕ ಕೆಲಸ ಯಾವುದು ಗೊತ್ತೇ? ರಕ್ತ ಮತ್ತು ಮೂತ್ರದಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವುದು. ರಂಜಕವನ್ನೇ ನಾವು ಫಾಸ್ಫರಸ್ ಎನ್ನುವುದು. ಕೇಳಿದರೆ ಇದಕ್ಕೂ ಕಾಯಿಲೆಗೂ ಸಂಬಂಧವೇ ಇಲ್ಲ ಎನ್ನಿಸುತ್ತದೆ. ಆದರೆ ಆಗಿನ ವಿಧಾನಗಳಲ್ಲಿ ದೋಷಗಳಿದ್ದವು. ಅಳತೆಯೇ ಸರಿ ಇಲ್ಲದಿದ್ದರೆ ಮೇಲೆ ಕಟ್ಟುವುದೆಲ್ಲ ತಪ್ಪು. ನಮ್ಮ ವಿಷಯದಲ್ಲೂ ಹಾಗೇ ಅಲ್ಲವೇ, ರೋಜುನಾಮೆಯಲ್ಲಿ ಒಂದು ಅಂಕಿ ತಪ್ಪಿದರೆ ಅಢಾವೆ ಪತ್ರಿಕೆ ಎಂದೂ ತಾಳೆಯಾಗುವುದಿಲ್ಲ.

ಫಿಸ್ಕ್ ಮತ್ತು ಸುಬ್ಬರಾವ್ ಮಾಡಿದ ವಿಧಾನವನ್ನು ಸರ್ ನನಗೆ ಹೀಗೆ ವಿವರಿಸಿದರು. ರಂಜಕ ಇರುವ ದ್ರಾವಣಕ್ಕೆ ಆಮ್ಲ ಮತ್ತು ಮಾಲಿಬ್ಡೇಟ್ ಎಂಬ ಲವಣ ಸೇರಿಸಬೇಕು. ಅನಂತರ ಇನ್ನೊಂದು ರಾಸಾಯನಿಕ ಹಾಕಿದರೆ ನೀಲಿ ಬಣ್ಣ ಬರುತ್ತದೆ. ನೀಲಿ ಎಷ್ಟು ಗಾಢವೋ ರಂಜಕ ಅಷ್ಟು ಹೆಚ್ಚು. ರಂಜಕದ ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣದ ಬಣ್ಣದ ಜೊತೆ ಹೋಲಿಸಿ ನೋಡಿದರೆ ಉತ್ತರ ಸಿಗುತ್ತದೆ. 1925ರಲ್ಲಿ ಪ್ರಕಟವಾದ ಈ ವಿಧಾನ ಇಂದಿಗೂ ಫಿಸ್ಕ್–ಸುಬ್ಬರಾವ್ ವಿಧಾನ ಎಂಬ ಹೆಸರಿನಲ್ಲಿ ಪುಸ್ತಕಗಳಲ್ಲಿದೆ.

ಇಲ್ಲಿಂದ ಮುಂದಿನ ಹೆಜ್ಜೆ ನನಗೆ ತುಂಬ ಹಿಡಿಸಿತು. ಸ್ನಾಯುವಿನಿಂದ ತೆಗೆದ ದ್ರಾವಣವನ್ನು ಪರೀಕ್ಷಿಸಿದಾಗ ನೀಲಿ ಬಣ್ಣ ಕೂಡಲೇ ಬರಲಿಲ್ಲ, ನಿಧಾನವಾಗಿ ಏರಿತು. ಬೇರೆ ಯಾರಾದರೂ ಆಗಿದ್ದರೆ ಪ್ರಯೋಗ ಕೆಟ್ಟಿತು ಎಂದು ಚೆಲ್ಲಿಬಿಡುತ್ತಿದ್ದರೋ ಏನೋ. ಇವರು ಏಕೆ ತಡವಾಯಿತು ಎಂದು ಹುಡುಕಿದರು. ಸ್ನಾಯುವಿನಲ್ಲಿ ರಂಜಕವನ್ನು ಹಿಡಿದಿಟ್ಟುಕೊಂಡ, ಸುಲಭವಾಗಿ ಒಡೆಯುವ ಯಾವುದೋ ವಸ್ತು ಇದೆ, ಅದು ಒಡೆಯುತ್ತಾ ಹೋದಂತೆ ಬಣ್ಣ ಏರುತ್ತಿದೆ ಎಂದು ಗೊತ್ತಾಯಿತು. ಅದೇ ಫಾಸ್ಫೊಕ್ರಿಯಾಟಿನ್, 1927ರ ಶೋಧ. 1929ರಲ್ಲಿ ಎಟಿಪಿಯನ್ನು ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಹ್ಮನ್ ಕೂಡ ಬೇರೆಯಾಗಿ ಅದನ್ನೇ ಕಂಡುಹಿಡಿದರು. ಎಟಿಪಿಯನ್ನು ಜೀವಕೋಶದ ಕರೆನ್ಸಿ ಎಂದು ನಮ್ಮ ಸೈನ್ಸ್ ಗೆಳತಿಯರು ಬಾಯಿಪಾಠ ಮಾಡುತ್ತಾರೆ. ನಾವು ನಡೆದರೂ, ಉಸಿರಾಡಿದರೂ, ಈ ಸಾಲು ಬರೆದರೂ ದೇಹ ಖರ್ಚು ಮಾಡುವುದು ಈ ನಾಣ್ಯವನ್ನೇ. ಸ್ನಾಯುವಿಗೆ ಶಕ್ತಿ ಹೇಗೆ ಬರುತ್ತದೆ ಎಂಬುದರ ಬಗ್ಗೆ ಅಲ್ಲಿಯವರೆಗೆ ಇದ್ದ ವಿವರಣೆಯನ್ನು ಈ ಶೋಧಗಳು ಅಲುಗಾಡಿಸಿದವು.

1930ರಲ್ಲಿ ಸುಬ್ಬರಾವ್ ಅವರಿಗೆ ಹಾರ್ವರ್ಡ್ ಪಿಎಚ್.ಡಿ. ಪದವಿ ಕೊಟ್ಟಿತು. ಮೆಟ್ರಿಕ್‌ನಲ್ಲಿ ಎರಡು ಸಲ ನಪಾಸಾಗಿ, ಖಾದಿ ತೊಟ್ಟಿದ್ದಕ್ಕೆ ಪೂರ್ಣ ಪದವಿ ತಪ್ಪಿ, ರಾತ್ರಿ ಹೊತ್ತು ಮಲದ ಪಾತ್ರೆ ತೊಳೆದವರಿಗೆ 35ನೆಯ ವಯಸ್ಸಿನಲ್ಲಿ ಸಿಕ್ಕ ಡಾಕ್ಟರೇಟು ಅದು. ಅಷ್ಟು ವರ್ಷ ಮಾಡಿದ ಕೆಲಸದಿಂದ ಒಂದೇ ಒಂದು ಮಾತ್ರೆಯೂ ಹೊರಬಂದಿರಲಿಲ್ಲ. ಲೆಕ್ಕಶಾಸ್ತ್ರದಲ್ಲಿ ಮುಂದೂಡಿದ ವೆಚ್ಚ ಎಂಬ ಪಾಠ ಇದೆ. ಹಣ ಈ ವರ್ಷ ಖರ್ಚಾಗುತ್ತದೆ, ಫಲ ಮುಂದಿನ ಹಲವು ವರ್ಷ ಬರುತ್ತದೆ. ಅದನ್ನು ನಾನು ಬರೀ ಐದು ಅಂಕದ ಪ್ರಶ್ನೆಗಾಗಿ ಓದಿದ್ದೆ. ಅರ್ಥವಾದದ್ದು ಈ ಬದುಕನ್ನು ಓದಿದ ಮೇಲೆ.

ಪದವಿ ಬಂದರೂ ಹಾರ್ವರ್ಡ್‌ನಲ್ಲಿ ಅವರಿಗೆ ಕಾಯಂ ಪ್ರೊಫೆಸರ್ ಹುದ್ದೆ ದೊರೆಯಲಿಲ್ಲ. ಅವರ ಪಾಲಿನ ಕೆಲವು ಕೆಲಸಗಳು ಬೆಳಕಿಗೆ ಬರದೆ ಉಳಿದವು. ಫಿಸ್ಕ್ ಅವರ ಇನ್ನೊಬ್ಬ ಶಿಷ್ಯ, 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್, ಇದಕ್ಕೆ ಗುರುವಿನ ಅಸೂಯೆಯೇ ಕಾರಣವೆಂದೂ, ಸುಬ್ಬರಾವ್ ಆಗಲೇ ಕಂಡಿದ್ದ ಕೆಲವನ್ನು ವರ್ಷಗಳ ನಂತರ ಬೇರೆಯವರು ಮತ್ತೆ ಕಂಡುಹಿಡಿಯಬೇಕಾಯಿತೆಂದೂ ಹೇಳಿದ್ದಾರೆ. ಸುಬ್ಬರಾವ್ ಅದರ ಬಗ್ಗೆ ಜಗಳವಾಡಲಿಲ್ಲ. ಹಾರ್ವರ್ಡ್‌ನಲ್ಲಿ ಕೆಳಗಿನ ಹುದ್ದೆಯಲ್ಲೇ ದುಡಿದು, 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಔಷಧ ಕಂಪನಿಗೆ ಹೋದರು. 1942ರಲ್ಲಿ ಅಲ್ಲಿನ ಸಂಶೋಧನಾ ವಿಭಾಗದ ನಿರ್ದೇಶಕರಾದರು.

ಮೊದಲ ಹಳದಿ ಮಾತ್ರೆ

ಫೋಲಿಕ್ ಆಮ್ಲದ ಕಥೆ ಶುರುವಾಗುವುದು ಮುಂಬೈಯಲ್ಲಿ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿನ ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರಲ್ಲಿ ಬರುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನು ಅಭ್ಯಾಸ ಮಾಡುತ್ತಿದ್ದರು. ಯೀಸ್ಟ್‌ನಿಂದ ಮಾಡಿದ ಮಾರ್ಮೈಟ್ ತಿನ್ನಿಸಿದರೆ ಅವರು ಚೇತರಿಸಿಕೊಳ್ಳುತ್ತಿದ್ದರು. ಯೀಸ್ಟ್‌ನಲ್ಲಿ, ಪ್ರಾಣಿಗಳ ಯಕೃತ್ತಿನಲ್ಲಿ ರಕ್ತವನ್ನು ಬೆಳೆಸುವ ಏನೋ ಇದೆ, ಆದರೆ ಅದು ಏನು ಎಂದು ಗೊತ್ತಿರಲಿಲ್ಲ. ಹೆಸರಿಲ್ಲದ ವಸ್ತುವಿಗೆ ಅಳತೆಯಿಲ್ಲ, ಅಳತೆಯಿಲ್ಲದ್ದು ಔಷಧವಾಗುವುದಿಲ್ಲ.

ಸುಬ್ಬರಾವ್ ಅವರ ತಂಡ ಈ ವಸ್ತುವನ್ನು ಯಕೃತ್ತಿನಿಂದ ಬೇರ್ಪಡಿಸಲು ವರ್ಷಗಟ್ಟಲೆ ದುಡಿಯಿತು. ರಾಶಿ ರಾಶಿ ಯಕೃತ್ತಿನಿಂದ ಸಿಗುತ್ತಿದ್ದದ್ದು ಚಿಟಿಕೆಯಷ್ಟು. ಅದರ ರಚನೆ ಏನೆಂದು ತಿಳಿದು ಪ್ರಯೋಗಾಲಯದಲ್ಲೇ ತಯಾರಿಸಬೇಕಿತ್ತು. 1945ರಲ್ಲಿ ಅದು ಸಾಧ್ಯವಾಯಿತು. ಆ ಲೇಖನದಲ್ಲಿ ಮೊದಲ ಹೆಸರು ರಾಬರ್ಟ್ ಆಂಜಿಯರ್ ಎಂಬ ಸಹೋದ್ಯೋಗಿಯದು. ಸುಬ್ಬರಾವ್ ಅವರದು ಅನೇಕ ಹೆಸರುಗಳ ನಡುವೆ ಒಂದು.

ಗೆಳೆಯರೇ, ಈಗ ಹಿಂದಕ್ಕೆ ಹೋಗಿ ಒಂದು ಪುಟ ನೆನಪಿಸಿಕೊಳ್ಳಿ. ಸ್ಪ್ರೂ ರೋಗದಲ್ಲಿ ಕರುಳು ಹೀರಿಕೊಳ್ಳಲಾರದ ವಸ್ತುಗಳಲ್ಲಿ ಮುಖ್ಯವಾದದ್ದು ಇದೇ ಫೋಲಿಕ್ ಆಮ್ಲ. ಮಾತ್ರೆಯಾಗಿ ಕೊಟ್ಟಾಗ ಸ್ಪ್ರೂ ರೋಗಿಗಳು ಗುಣವಾಗತೊಡಗಿದರು. ಇಬ್ಬರು ಸಹೋದರರನ್ನು ಕಳೆದುಕೊಂಡು ಸುಮಾರು ಕಾಲು ಶತಮಾನ ಕಳೆದಿತ್ತು. ಅವರಿಗೆ ಬೇಕಿದ್ದ ಔಷಧ ಕೊನೆಗೂ ಬಂತು, ಅವರ ತಮ್ಮ ಅಣ್ಣಂದಿರಿಗೆ ಮಾತ್ರ ತಡವಾಗಿ. ಇಂದು ನಮ್ಮ ಅಂಗನವಾಡಿಗಳಲ್ಲಿ ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲೂ ಫೋಲಿಕ್ ಆಮ್ಲ ಸೇರಿರುತ್ತದೆ.

ಎರಡನೆಯ ಹಳದಿ ಮಾತ್ರೆ

ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತದ ಕ್ಯಾನ್ಸರ್ ಬಂದ ಮಕ್ಕಳನ್ನು ನೋಡುತ್ತಿದ್ದರು. ಆಗ ಆ ಕಾಯಿಲೆ ಬಂತೆಂದರೆ ಕೆಲವೇ ವಾರ ಅಥವಾ ತಿಂಗಳು. ಫೋಲಿಕ್ ಆಮ್ಲದ ಬಳಗದ ಔಷಧ ಕೊಟ್ಟು ನೋಡಿದಾಗ ರೋಗ ಕಡಿಮೆಯಾಗುವ ಬದಲು ವೇಗ ಪಡೆದಂತೆ ಫಾರ್ಬರ್ ಅವರಿಗೆ ಕಂಡಿತು. ಅಲ್ಲಿಂದ ಅವರ ಯೋಚನೆ ತಿರುಗಿತು. ಇದು ಕ್ಯಾನ್ಸರ್ ಕೋಶವನ್ನು ಬೆಳೆಸುವುದಾದರೆ, ಇದರ ವಿರುದ್ಧವಾದದ್ದು ತಡೆಯಬೇಕು.

ಆ ವಿರುದ್ಧವಾದದ್ದನ್ನು ತಯಾರಿಸಿ ಕೊಟ್ಟದ್ದು ಸುಬ್ಬರಾವ್ ಅವರ ಪ್ರಯೋಗಾಲಯ. ಫೋಲಿಕ್ ಆಮ್ಲದ ರಚನೆಯಲ್ಲಿ ಒಂದು ಸಣ್ಣ ಭಾಗವನ್ನು ಬದಲಿಸಿ ಡೋರಿಸ್ ಸೀಗರ್ ಮತ್ತು ಸಂಗಡಿಗರು ಅಮಿನೊಪ್ಟೆರಿನ್ ಎಂಬ ವಸ್ತು ಮಾಡಿದರು. ಇದು ಬೀಗಕ್ಕೆ ಹೋಗುವ ಆದರೆ ತಿರುಗದ ಬೀಗದ ಕೈ ಇದ್ದಂತೆ. ಜೀವಕೋಶ ಅಸಲಿ ಎಂದು ನಂಬಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಅದು ಅಲ್ಲೇ ಸಿಕ್ಕಿಕೊಂಡು, ಕೋಶಕ್ಕೆ ಒಡೆದು ಎರಡಾಗಲು ಆಗುವುದಿಲ್ಲ. ವೇಗವಾಗಿ ಬೆಳೆಯುವ ಕೋಶಗಳಿಗೆ ಏಟು ಹೆಚ್ಚು. 1948ರ ಜೂನ್‌ನಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಂತೆ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರು. ಆ ಚೇತರಿಕೆ ಶಾಶ್ವತವಾಗಿರಲಿಲ್ಲ, ರೋಗ ಮರಳಿ ಬಂತು. ಆದರೆ ಔಷಧದಿಂದ ರಕ್ತದ ಕ್ಯಾನ್ಸರ್ ಹಿಮ್ಮೆಟ್ಟಬಹುದು ಎಂದು ಜಗತ್ತು ನಂಬಿದ್ದು ಅಲ್ಲಿಂದ.

ಇದೇ ಜಾಡಿನಲ್ಲಿ, ಅದೇ ಪ್ರಯೋಗಾಲಯದಲ್ಲಿ, ಇನ್ನೂ ಒಂದು ಸಣ್ಣ ಬದಲಾವಣೆ ಮಾಡಿ ತಯಾರಿಸಿದ್ದು ಮೆಥೋಟ್ರೆಕ್ಸೇಟ್. ಮುಂದೆ ಎಷ್ಟೋ ವರ್ಷಗಳ ಮೇಲೆ, ಅದನ್ನು ತುಂಬ ಕಡಿಮೆ ಪ್ರಮಾಣದಲ್ಲಿ ವಾರಕ್ಕೊಮ್ಮೆ ಕೊಟ್ಟರೆ ಸಂಧಿವಾತದ ಊತ ಇಳಿಯುತ್ತದೆ ಎಂದು ವೈದ್ಯರಿಗೆ ಖಚಿತವಾಯಿತು. ಅದರಿಂದ ಒಳ್ಳೆಯ ಕೋಶಗಳಿಗೂ ಆಗುವ ತೊಂದರೆ ಕಡಿಮೆ ಮಾಡಲು ಜೊತೆಗೆ ಫೋಲಿಕ್ ಆಮ್ಲ. ಒಂದು ತಡೆಯುವುದಕ್ಕೆ, ಒಂದು ಕಾಯುವುದಕ್ಕೆ. ನಾನು ಅದಲುಬದಲು ಮಾಡಿದ್ದು ಈ ಇಬ್ಬರನ್ನು.

ನಮ್ಮ ಊರಿಗೆ ಬರುವ ಮಾತ್ರೆ

ಸುಬ್ಬರಾವ್ ಅವರ ಇನ್ನೊಂದು ಮಾತ್ರೆಯನ್ನು ನಮ್ಮ ಕಲಬುರಗಿ ಸೀಮೆಯ ಬಹಳ ಜನ ನುಂಗಿದ್ದೇವೆ. ಆನೆಕಾಲು ರೋಗ ತಡೆಯಲು ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಡಿಇಸಿ ಮಾತ್ರೆ ಕೊಡುವುದು ನಿಮಗೆ ಗೊತ್ತೇ ಇದೆ. ಊಟ ಆಯಿತಾ ಎಂದು ಕೇಳಿ, ತಮ್ಮ ಎದುರೇ ನುಂಗಿಸಿ ಹೋಗುತ್ತಾರೆ. ನಾನು ಚಿಕ್ಕವಳಿದ್ದಾಗ ನಾಲಿಗೆಯ ಕೆಳಗೆ ಇಟ್ಟುಕೊಂಡು ಆಮೇಲೆ ಬಚ್ಚಲಲ್ಲಿ ಉಗುಳಿದ್ದೂ ಇದೆ. ನಮ್ಮ ಮೊಹಲ್ಲಾದ ಒಬ್ಬ ಅಜ್ಜಿಯ ಕಾಲು ಕಂಬದಂತೆ ಊದಿತ್ತು. ಅವರು ಮದುವೆಗಳಿಗೆ ಬರುವುದನ್ನೇ ಬಿಟ್ಟಿದ್ದರು. ಅದಕ್ಕೂ ಈ ಮಾತ್ರೆಗೂ ಇರುವ ಸಂಬಂಧ ನನಗೆ ಆಗ ಹೊಳೆದಿರಲಿಲ್ಲ.

ಈ ರೋಗ ಸೊಳ್ಳೆಯಿಂದ ಹರಡುವ ದಾರದಂಥ ಹುಳುಗಳಿಂದ ಬರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕನ್ ಸೈನಿಕರಿಗೂ ಇದು ತಗುಲಿತು. ಲೆಡರ್ಲಿಯಲ್ಲಿ ಇದೇ ಬಗೆಯ ಹುಳು ಇರುವ ಕಾಟನ್ ರ‍್ಯಾಟ್ ಎಂಬ ಇಲಿಗಳನ್ನು ಸಾಕಿ, ನೂರಾರು ರಾಸಾಯನಿಕಗಳನ್ನು ಒಂದೊಂದಾಗಿ ಕೊಟ್ಟು ನೋಡಿದರು. ಹುಳು ಸಾಯಬೇಕು, ಇಲಿ ಬದುಕಬೇಕು. ಸ್ವಲ್ಪ ಕೆಲಸ ಮಾಡಿದ್ದನ್ನು ಹಿಡಿದು ಅದರ ರಚನೆಯನ್ನು ಇನ್ನಷ್ಟು ತಿದ್ದುವುದು, ಮತ್ತೆ ಇಲಿಗೆ ಕೊಡುವುದು. ಔಷಧ ಹುಡುಕುವ ಮೊದಲ ಹಂತ ಎಂದರೆ ಬಹುಪಾಲು ಇದೇ, ಹತ್ತಾರು ಸಲ ಇಲ್ಲ ಎಂಬ ಉತ್ತರವನ್ನು ಬರೆದಿಡುವುದು. 1947ರಲ್ಲಿ ಡೈಎಥಿಲ್‌ಕಾರ್ಬಮಝೀನ್ ಹೊರಬಂತು. ಅದನ್ನೇ ನಾವು ಡಿಇಸಿ ಎನ್ನುತ್ತೇವೆ.

ಅದೇ ಸಂಸ್ಥೆಯಲ್ಲಿ ಬೆಂಜಮಿನ್ ಡಗ್ಗರ್ ಎಂಬ ನಿವೃತ್ತ ಸಸ್ಯವಿಜ್ಞಾನಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಮಣ್ಣಿನ ಮಾದರಿಗಳಲ್ಲಿ ಹುಡುಕಿ ಚಿನ್ನದ ಬಣ್ಣದ ಆರಿಯೋಮೈಸಿನ್ ಕಂಡುಹಿಡಿದರು. 1948ರಲ್ಲಿ ಅದು ಜಗತ್ತಿಗೆ ಪರಿಚಯವಾಯಿತು. ಟೆಟ್ರಾಸೈಕ್ಲಿನ್ ಬಳಗದ ಮೊದಲ ಔಷಧ ಅದು. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಬಂದಾಗ ಜನ ಟೆಟ್ರಾಸೈಕ್ಲಿನ್‌ಗಾಗಿ ಅಂಗಡಿಗಳಿಗೆ ಮುಗಿಬಿದ್ದಿದ್ದನ್ನು ಅಬ್ಬಾ ಇನ್ನೂ ನೆನೆಯುತ್ತಾರೆ.

ಅಮ್ಮಿ ಕೇಳಿದ ಪ್ರಶ್ನೆ

ಇದನ್ನೆಲ್ಲ ನಾನು ಅಮ್ಮಿಗೆ ಉರ್ದುವಿನಲ್ಲಿ ಹೇಳಿದೆ. ಅವರು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೇಳಿಸಿಕೊಂಡರು. ಎಲ್ಲ ಮುಗಿದ ಮೇಲೆ ಅವರು ಕೇಳಿದ್ದು ಒಂದೇ, ಆ ಹೆಂಡತಿ ಏನಾದಳು?

ನಾನು ಅದನ್ನು ಓದಿದ್ದೆ, ಆದರೆ ಹೇಳುವಾಗ ಬಿಟ್ಟಿದ್ದೆ. ಸುಬ್ಬರಾವ್ ಭಾರತಕ್ಕೆ ಮರಳಿ ಬರಲೇ ಇಲ್ಲ. ಅವರು ಹೋದ ಮೇಲೆ ಹುಟ್ಟಿದ ಮಗ ಕೂಸಾಗಿದ್ದಾಗಲೇ ಕಾಯಿಲೆಯಿಂದ ತೀರಿಕೊಂಡ. ಆ ಮಗುವಿನ ಮುಖವನ್ನು ತಂದೆ ನೋಡಲಿಲ್ಲ. ಶೇಷಗಿರಿಯವರ ಪಾಲಿಗೆ ಮೂರು ವರ್ಷದ ಮಾತು 26 ವರ್ಷವಾಯಿತು, ಆಮೇಲೆ ಸಾವಿನ ಸುದ್ದಿ ಬಂತು. ಜಗತ್ತಿನ ಮಕ್ಕಳಿಗೆ ಔಷಧ ಕೊಟ್ಟವರು ತಮ್ಮ ಮಗುವಿನ ಬಳಿ ಇರಲಿಲ್ಲ.

ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಹಾಗಾದರೆ ಈ ಮಾತ್ರೆಯ ಬೆಲೆಯಲ್ಲಿ ಆಕೆಯ ಪಾಲೂ ಇದೆ, ಅದನ್ನೂ ಬರಿ ಎಂದರು. ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ವಿಷಯದಲ್ಲಿ ಪ್ರತಿ ಜಮಾಕ್ಕೂ ಒಂದು ಖರ್ಚು ಇದ್ದೇ ಇರುತ್ತದೆ. ದೊಡ್ಡವರ ಚರಿತ್ರೆ ಬರೆಯುವಾಗ ನಾವು ಬಲಗಡೆಯ ಪುಟ ಮಾತ್ರ ತುಂಬುತ್ತೇವೆ. ಎಡಗಡೆಯಲ್ಲಿ ವೆಂಕಮ್ಮನವರ ಒಡವೆ, ಶೇಷಗಿರಿಯವರ 26 ವರ್ಷ ಇವೆ. ಇದರಿಂದ ಸುಬ್ಬರಾವ್ ಅವರ ಮೇಲಿನ ಗೌರವ ನನಗೆ ಕಡಿಮೆಯಾಗಲಿಲ್ಲ. ಅವರು ದೇವತೆಯಲ್ಲ, ಮನುಷ್ಯರು ಎಂದು ಗೊತ್ತಾಯಿತು ಅಷ್ಟೇ.

ಹೆಸರು ಉಳಿದದ್ದು

1948ರ ಆಗಸ್ಟ್ 9ರ ಬೆಳಿಗ್ಗೆ ಸುಬ್ಬರಾವ್ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು. ವಯಸ್ಸು 53. ಭಾರತ ಸ್ವತಂತ್ರವಾಗಿ ಒಂದು ವರ್ಷ ತುಂಬಲು ಆರು ದಿನ ಬಾಕಿ. ಅಷ್ಟು ವರ್ಷ ಅಮೆರಿಕದಲ್ಲಿದ್ದರೂ ಅವರು ಅಲ್ಲಿನ ಪೌರರಾಗಿರಲಿಲ್ಲ. ನೊಬೆಲ್ ಬರಲಿಲ್ಲ. ಪತ್ರಿಕಾಗೋಷ್ಠಿಗಳಲ್ಲಿ ಮುಂದೆ ನಿಲ್ಲುವವರೂ ಅವರಾಗಿರಲಿಲ್ಲ. ಅವರ ನೆನಪಿಗೆ ಒಂದು ಶಿಲೀಂಧ್ರಕ್ಕೆ ಸುಬ್ಬರೋಮೈಸಿಸ್ ಎಂದು ಹೆಸರಿಟ್ಟರು. 1995ರಲ್ಲಿ, ಜನ್ಮಶತಮಾನೋತ್ಸವದ ವರ್ಷ, ನಮ್ಮ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ತಂದಿತು.

ಪಿಎಚ್.ಡಿ. ಎಂದರೆ ಹೆಸರಿನ ಮುಂದೆ ಡಾಕ್ಟರ್ ಎಂದು ಬರೆದುಕೊಳ್ಳುವುದು ಎಂದು ನಾನು ತಿಳಿದಿದ್ದೆ. ಏಳೆಂಟು ವರ್ಷ ಒಂದು ನೀಲಿ ಬಣ್ಣವನ್ನು ನೋಡುತ್ತಾ ಕೂರುವುದು, ಅದು ಏಕೆ ತಡವಾಗಿ ಬಂತು ಎಂದು ಬಿಡದೆ ಕೇಳುವುದು, ಅದರಿಂದ ಯಾರಿಗೆ ಎಂದು ಉಪಯೋಗವಾದೀತು ಎಂಬುದು ಗೊತ್ತಿಲ್ಲದೆಯೂ ಸರಿಯಾಗಿ ಅಳೆಯುವುದು, ಅದೂ ಪಿಎಚ್.ಡಿ. ಎಂದು ಈಗ ಗೊತ್ತಾಗಿದೆ. ಪರೀಕ್ಷೆಯಲ್ಲಿ ಬಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ನಾನು ಬೇರೆ ಉಪದೇಶ ಹೇಳುವುದಿಲ್ಲ. ಅವರ ಮನೆಯ ಔಷಧಿ ಡಬ್ಬಿಯಲ್ಲೂ ಎರಡು ಸಲ ನಪಾಸಾದವರ ಒಂದು ಮಾತ್ರೆ ಇರಬಹುದು, ಒಮ್ಮೆ ತೆರೆದು ನೋಡಲಿ.

ಈಗ ನಾನು ಶನಿವಾರ ರಾತ್ರಿ ಪುಸ್ತಕ ದೂರ ಇಟ್ಟು, ದೀಪದ ಕೆಳಗೆ ಕೂತು ಡಬ್ಬಿ ತುಂಬುತ್ತೇನೆ. ಪ್ರತಿ ಸ್ಟ್ರಿಪ್ಪಿನ ಹೆಸರನ್ನು ಎರಡು ಸಲ ಓದುತ್ತೇನೆ. ಸೋಮವಾರದ ಮನೆಗೆ ಕೆಂಪು ಶಾಯಿಯಿಂದ ಗುರುತು ಹಾಕಿದ್ದೇನೆ. ಅಬ್ಬಾ ಈಗಲೂ ಬಂದು ತೆರೆದು ನೋಡುತ್ತಾರೆ. ನನಗೆ ಅದರಿಂದ ಬೇಸರವಿಲ್ಲ.